ಪೇಟಿಯಿಂದ ಪ್ಯಾಡ್‌ವರೆಗೆ: ಸಂಗೀತ ತಂತ್ರಾಂಶಕ್ಕೆ ಕಂಟ್ರೋಲರ್ ಆರಿಸುವುದು ಹೇಗೆ?

ಬಾಗಲಕೋಟೆ: ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಜಾತ್ರೆ, ಮದುವೆ, ಗಣೇಶೋತ್ಸವಗಳ ವೇದಿಕೆಯಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಾಗೂ ಬಣ್ಣಬಣ್ಣದ ದೀಪಗಳು ಮಿನುಗುವ ಗುಂಡಿಗಳ ಹಲಗೆ ಕಾಣಿಸಿಕೊಳ್ಳುವುದು ಈಗ ಹೊಸದೇನಲ್ಲ. ನೋಡಲು ವಾದ್ಯದಂತಿರುವ ಈ ಹಲಗೆಗೆ ಬಹುಪಾಲು ಸಂದರ್ಭಗಳಲ್ಲಿ ತನ್ನದೇ ಆದ ದನಿಯಿಲ್ಲ. ಅದು ಗಣಕಯಂತ್ರದೊಳಗಿನ ಸಂಗೀತ ತಂತ್ರಾಂಶಕ್ಕೆ ಅಪ್ಪಣೆ ಕೊಡುವ ಸಾಧನ ಮಾತ್ರ. ಇದನ್ನೇ ಕಂಟ್ರೋಲರ್ ಎನ್ನುತ್ತಾರೆ.

ಮಾರುಕಟ್ಟೆಯಲ್ಲಿ ಕೆಲವು ಸಾವಿರ ರೂಪಾಯಿಗಳಿಂದ ಲಕ್ಷ ದಾಟುವ ಬೆಲೆಯವರೆಗೆ ಕಂಟ್ರೋಲರ್‌ಗಳು ಲಭ್ಯ. ಆದರೆ ಹೆಚ್ಚು ಗುಂಡಿಗಳಿರುವುದೇ ಉತ್ತಮವೆಂಬ ಭಾವನೆಯಿಂದ ಕೊಂಡು, ಆಮೇಲೆ ಮೂಲೆಗೆ ಇಡುವ ಪ್ರಸಂಗಗಳು ಸಾಮಾನ್ಯ. ತಪ್ಪು ಆಯ್ಕೆಯೊಂದು ಸಣ್ಣ ಮೇಳದ ಇಡೀ ಹಂಗಾಮಿನ ಉಳಿತಾಯವನ್ನು ನುಂಗಬಲ್ಲದು. ಕಲಾವಿದನ ಕೈಗೆ ಈಗಾಗಲೇ ಯಾವ ವಾದ್ಯ ಗೊತ್ತಿದೆ, ಆತ ನುಡಿಸುವ ಸಂಗೀತ ಏನನ್ನು ಬೇಡುತ್ತದೆ, ನುಡಿಸುವ ಸ್ಥಳ ಎಂಥದು ಎಂಬ ಮೂರು ಪ್ರಶ್ನೆಗಳೇ ಆಯ್ಕೆಯ ಮೂಲ ಮಾನದಂಡವಾಗಬೇಕು.

ನೇಕಾರನಿಗೆ ತಿಳಿದ ತತ್ವ

ಕಂಟ್ರೋಲರ್ ಕೆಲಸ ಮಾಡುವ ಬಗೆಯನ್ನು ಅರಿಯಲು ರಬಕವಿ-ಬನಹಟ್ಟಿಯಂಥ ನೇಕಾರರ ಊರಿನವರು ದೂರ ಹೋಗಬೇಕಿಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ ರೂಪಿಸಿದ ಯಂತ್ರದಲ್ಲಿ ರಂಧ್ರಗಳಿರುವ ರಟ್ಟಿನ ಕಾರ್ಡುಗಳು ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂಬುದನ್ನು ಮಗ್ಗಕ್ಕೆ ತಿಳಿಸುತ್ತವೆ. ಕಾರ್ಡು ಬಟ್ಟೆಯಲ್ಲ; ಅದರಲ್ಲಿ ನೂಲೂ ಇಲ್ಲ, ಬಣ್ಣವೂ ಇಲ್ಲ. ಅದೇ ಕಾರ್ಡಿನಿಂದ ಹತ್ತಿಯನ್ನೂ ನೇಯಬಹುದು, ರೇಷ್ಮೆಯನ್ನೂ ನೇಯಬಹುದು.

ಕಂಟ್ರೋಲರ್ ಕಳುಹಿಸುವ ‘ಮಿಡಿ’ ಸಂದೇಶವೂ ಇದೇ ಜಾತಿಯದು. ಯಾವ ಸ್ವರ, ಎಷ್ಟು ಬಲದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ಮಾಹಿತಿಯಷ್ಟೇ ಅದರಲ್ಲಿರುತ್ತದೆ. ಆ ಸ್ವರ ಶಹನಾಯಿಯದೋ, ಪಿಯಾನೋದ್ದೋ ಎಂಬುದನ್ನು ತಂತ್ರಾಂಶ ನಿರ್ಧರಿಸುತ್ತದೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತನಾಡುವಂತಾಗಲು ಅಮೆರಿಕದ ಡೇವ್ ಸ್ಮಿತ್ ಹಾಗೂ ಜಪಾನಿನ ಇಕುತಾರೊ ಕಾಕೆಹಾಶಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಈ ಒಪ್ಪಂದ 1983ರಲ್ಲಿ ಜಾರಿಗೆ ಬಂದಿತು. ಇಬ್ಬರಿಗೂ 2013ರಲ್ಲಿ ತಾಂತ್ರಿಕ ಸಾಧನೆಗಾಗಿ ಗ್ರ್ಯಾಮಿ ಗೌರವ ಸಂದಿತು. 2020ರಲ್ಲಿ ಇದರ ಎರಡನೇ ಆವೃತ್ತಿ ಪ್ರಕಟವಾದರೂ ಮೊದಲ ಆವೃತ್ತಿಯ ಭಾಷೆಯೇ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ.

ಇದರಿಂದ ಗ್ರಾಹಕರು ತಿಳಿಯಬೇಕಾದ ಮೊದಲ ಪಾಠವೆಂದರೆ, ಕಂಟ್ರೋಲರ್ ಬದಲಿಸಿದ ಮಾತ್ರಕ್ಕೆ ನಾದ ಸುಧಾರಿಸದು. ಕಳಪೆ ದನಿಯನ್ನು ದುಬಾರಿ ಹಲಗೆಯಿಂದ ನುಡಿಸಿದರೂ ಅದು ಕಳಪೆ ದನಿಯೇ. ದುಬಾರಿ ಹಲಗೆ ಕೊಡುವುದು ಕೈಗೆ ಸಿಗುವ ಹಿಡಿತವನ್ನು.

ಹಳೆಯ ವಾದ, ಹೊಸ ಯಂತ್ರ

ಹೊರಗಿನಿಂದ ಬಂದ ಪೆಟ್ಟಿಗೆಯನ್ನು ತಮ್ಮದಾಗಿಸಿಕೊಳ್ಳುವುದು ಈ ನೆಲಕ್ಕೆ ಹೊಸತಲ್ಲ. 19ನೇ ಶತಮಾನದಲ್ಲಿ ಯುರೋಪಿನಿಂದ ಬಂದ ಹಾರ್ಮೋನಿಯಂ ಇಲ್ಲಿ ‘ಪೇಟಿ’ಯಾಯಿತು. ಅದನ್ನು ನುಡಿಸುವಾತ ‘ಪೇಟಿ ಮಾಸ್ತರ’ನಾದ. ಶ್ರೀಕೃಷ್ಣ ಪಾರಿಜಾತ, ಭಜನೆ, ಕಂಪನಿ ನಾಟಕ ಯಾವುದೂ ಪೇಟಿಯಿಲ್ಲದೆ ನಡೆಯದು ಎಂಬಷ್ಟು ಅದು ಬೇರೂರಿತು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳ ಈ ಸೀಮೆಗೆ ಮರಾಠಿ ಸಂಗೀತ ನಾಟಕಗಳ ನಂಟೂ ಇತ್ತು. ಬೀಳಗಿಯಲ್ಲಿ ಜನಿಸಿದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದರು.

ಆದರೆ ಪೇಟಿಯ ಸ್ವರಗಳು ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡನ್ನು ಅದು ನುಡಿಸಲಾರದು. ಈ ಕೊರತೆಯನ್ನೇ ಮುಂದಿಟ್ಟುಕೊಂಡು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. 1971ರ ನಂತರವಷ್ಟೇ ನಿರ್ಬಂಧ ಹಂತಹಂತವಾಗಿ ಸಡಿಲಗೊಂಡಿತು. ಅಂದು ಪೇಟಿಯ ಮೇಲಿದ್ದ ಆಕ್ಷೇಪವೇ ಇಂದು ಕಂಟ್ರೋಲರ್ ಕೊಳ್ಳುವವರ ಮುಂದೆ ಪ್ರಶ್ನೆಯಾಗಿ ನಿಂತಿದೆ. ಈ ಯಂತ್ರ ನಮ್ಮ ಸ್ವರವನ್ನು ಬಾಗಿಸಬಲ್ಲದೇ? ನಮ್ಮ ತಾಳವನ್ನು ಎಣಿಸಬಲ್ಲದೇ? ಉತ್ತರ ಹೌದು ಎಂದೇ ಇದೆ. ಆದರೆ ಎಲ್ಲ ಮಾದರಿಗಳಲ್ಲಿ ಅಲ್ಲ, ಹೊಂದಾಣಿಕೆ ಮಾಡದೆಯೂ ಅಲ್ಲ.

ಪೇಟಿ ಬಲ್ಲ ಕೈಗೆ ಕೀಬೋರ್ಡ್

ಹಾರ್ಮೋನಿಯಂ ನುಡಿಸುವವರಿಗೆ ಕೀಬೋರ್ಡ್ ಮಾದರಿಯ ಕಂಟ್ರೋಲರ್ ಸಹಜ ಆಯ್ಕೆ. ಇವು 25, 37, 49, 61 ಹಾಗೂ 88 ಕೀಗಳಲ್ಲಿ ದೊರೆಯುತ್ತವೆ. 25 ಕೀಗಳೆಂದರೆ ಎರಡೇ ಸಪ್ತಕ. ಹಾಡಿನ ರಾಗ ಸಂಯೋಜನೆಗೆ, ಪ್ರವಾಸಕ್ಕೆ ಇದು ಸಾಕು. ಆದರೆ ಮೂರು, ಮೂರೂವರೆ ಸಪ್ತಕದ ಪೇಟಿಗೆ ಒಗ್ಗಿದ ಕೈ ವೇದಿಕೆಯ ಮೇಲೆ ಇಕ್ಕಟ್ಟಿಗೆ ಸಿಲುಕುತ್ತದೆ. ಸಪ್ತಕ ಬದಲಿಸುವ ಗುಂಡಿಯನ್ನು ಹಾಡಿನ ನಡುವೆ ಹುಡುಕುವುದು ಸುಲಭವಲ್ಲ. ಪೇಟಿ ಮಾಸ್ತರರಿಗೆ ಪೂರ್ಣ ಅಳತೆಯ ಕೀಗಳಿರುವ 49ರ ಮಾದರಿ ಹೆಚ್ಚು ಹೊಂದುತ್ತದೆ. ಪುಟ್ಟ ಕೀಗಳ ಮಾದರಿ ಅಗ್ಗವಾದರೂ ಬೆರಳಿನ ಅಂದಾಜು ತಪ್ಪಿಸುತ್ತದೆ.

ಎರಡನೆಯದು ಶ್ರುತಿ. ಗಾಯಕ ‘ಕಪ್ಪು 1’ ಎಂದರೆ ಬಿಳಿ ಒಂದರಿಂದ ನುಡಿಸಿ ರೂಢಿಯಿರುವ ಕೀಬೋರ್ಡ್ ವಾದಕ ಒಂದು ಅರ್ಧಸ್ವರ ಮೇಲಕ್ಕೆ, ‘ಕಪ್ಪು 2’ ಎಂದರೆ ಮೂರು ಅರ್ಧಸ್ವರ ಮೇಲಕ್ಕೆ ಏರಿಸಬೇಕು. ಈ ಟ್ರಾನ್ಸ್‌ಪೋಸ್ ಗುಂಡಿ ಕಂಟ್ರೋಲರ್ ಮೇಲೆಯೇ ಇದ್ದು, ಎಷ್ಟು ಏರಿಸಲಾಗಿದೆ ಎಂಬ ಅಂಕಿ ಕಣ್ಣಿಗೆ ಕಾಣುವಂತಿರಬೇಕು. ಕೀ ಒತ್ತಿ ಹಿಡಿದಿರುವಾಗಲೇ ಶ್ರುತಿ ಬದಲಿಸಿದರೆ ಕೆಲವು ಮಾದರಿಗಳಲ್ಲಿ ಹಳೆಯ ಸ್ವರ ನಿಲ್ಲದೆ ಮೊರೆಯುತ್ತಲೇ ಇರುತ್ತದೆ ಎಂಬುದನ್ನೂ ಅಂಗಡಿಯಲ್ಲೇ ಪರೀಕ್ಷಿಸಿ ನೋಡಬೇಕು.

ಮೂರನೆಯದು ಮೀಂಡ್. ಕಂಟ್ರೋಲರ್‌ನ ಎಡಬದಿಯಲ್ಲಿರುವ ಪಿಚ್ ಚಕ್ರ ಸ್ವರವನ್ನು ಬಾಗಿಸುತ್ತದೆ. ಮಿಡಿಯಲ್ಲಿ ಸ್ವರದ ಬಲವನ್ನು 0ಯಿಂದ 127ರವರೆಗಷ್ಟೇ ಅಳೆದರೆ, ಪಿಚ್ ಚಕ್ರಕ್ಕೆ 16,384 ಹಂತಗಳಿವೆ. ಹೀಗಾಗಿ ಜಾರುವಿಕೆ ನುಣುಪಾಗಿರಲು ಅಡ್ಡಿಯಿಲ್ಲ. ಆದರೆ ಬಹಳಷ್ಟು ತಂತ್ರಾಂಶಗಳಲ್ಲಿ ಚಕ್ರದ ವ್ಯಾಪ್ತಿ ಮೇಲೆ-ಕೆಳಗೆ ಎರಡೆರಡು ಅರ್ಧಸ್ವರಗಳಿಗೆ ಸೀಮಿತವಾಗಿರುತ್ತದೆ. ಶುದ್ಧ ಗಾಂಧಾರದಿಂದ ಷಡ್ಜಕ್ಕೆ ಇಳಿಯಲು ನಾಲ್ಕು ಅರ್ಧಸ್ವರ ಬೇಕು. ವ್ಯಾಪ್ತಿಯನ್ನು ತಂತ್ರಾಂಶದಲ್ಲಿ ಹಿಗ್ಗಿಸದಿದ್ದರೆ ಮೀಂಡ್ ರಿಷಭದಲ್ಲೇ ಮುಗ್ಗರಿಸುತ್ತದೆ. ಇನ್ನೊಂದು ತೊಡಕೆಂದರೆ ಚಕ್ರ ತಿರುಗಿಸಿದಾಗ ಆ ಚಾನೆಲ್‌ನಲ್ಲಿ ನುಡಿಯುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತವೆ. ಆಧಾರ ಷಡ್ಜವೂ ಕದಲುತ್ತದೆ. ಪ್ರತಿ ಸ್ವರವನ್ನೂ ಪ್ರತ್ಯೇಕವಾಗಿ ಬಾಗಿಸುವ ‘ಎಂಪಿಇ’ ಪದ್ಧತಿಗೆ 2018ರಲ್ಲಿ ಅಧಿಕೃತ ಮನ್ನಣೆ ದೊರೆಯಿತು. ಅಂಥ ಕಂಟ್ರೋಲರ್‌ಗಳು ದುಬಾರಿ. ಅಷ್ಟು ಖರ್ಚು ಬೇಡವಾದರೆ ಷಡ್ಜದ ಶ್ರುತಿಯನ್ನು ಬೇರೆ ಚಾನೆಲ್‌ಗೆ ಅಥವಾ ಎಲೆಕ್ಟ್ರಾನಿಕ್ ತಂಬೂರಿಗೆ ಒಪ್ಪಿಸುವುದು ಸರಳ ಪರಿಹಾರ.

ನಾಲ್ಕನೆಯದು ಉಸಿರು. ಪೇಟಿ ಮಾಸ್ತರ ಒಂದು ಕೈಯಿಂದ ತಿದಿ ಒತ್ತುತ್ತ ಸ್ವರವನ್ನು ಉಬ್ಬಿಸುತ್ತಾನೆ, ತಗ್ಗಿಸುತ್ತಾನೆ. ಕಾಲಿನಿಂದ ತಿದಿ ಒತ್ತುವ ಲೆಗ್ ಹಾರ್ಮೋನಿಯಂನಲ್ಲಿ ಈ ಕೆಲಸ ಪಾದದ್ದು. ಕೀಬೋರ್ಡ್‌ನಲ್ಲಿ ಒಮ್ಮೆ ಒತ್ತಿದ ಬಲವೇ ಕೊನೆಯವರೆಗೂ ಉಳಿಯುವುದರಿಂದ ನಾದ ನಿರ್ಜೀವವೆನಿಸುತ್ತದೆ. ಕಂಟ್ರೋಲರ್‌ಗೆ ಎಕ್ಸ್‌ಪ್ರೆಶನ್ ಪೆಡಲ್ ಜೋಡಿಸುವ ಕಿಂಡಿಯಿದ್ದರೆ ಈ ಕೊರತೆ ನೀಗುತ್ತದೆ. ಪೆಡಲ್ ಅನ್ನು ಮಿಡಿಯ 11ನೇ ಸಂಖ್ಯೆಯ ನಿಯಂತ್ರಣಕ್ಕೆ ಹೊಂದಿಸಿದರೆ ಪಾದವೇ ತಿದಿಯಾಗುತ್ತದೆ. ಸಣ್ಣ ಮಾದರಿಗಳಲ್ಲಿ ಈ ಕಿಂಡಿ ಇರುವುದಿಲ್ಲ, ಇಲ್ಲವೇ ಸಸ್ಟೇನ್ ಪೆಡಲ್‌ಗಷ್ಟೇ ಇರುತ್ತದೆ. ಪೇಟಿ ಹಿನ್ನೆಲೆಯವರು ಹತ್ತು ಗುಂಡಿಗಳನ್ನು ಬಿಟ್ಟಾದರೂ ಈ ಒಂದು ಕಿಂಡಿಯನ್ನು ಕೇಳಿ ಪಡೆಯುವುದು ಲೇಸು.

ತಬಲಾ, ದಪ್ಪಿನ ಕೈಗೆ ಪ್ಯಾಡ್

ತಾಳವಾದ್ಯದವರಿಗೆ ಎರಡು ಬಗೆಯ ಪ್ಯಾಡ್‌ಗಳಿವೆ: ಬೆರಳಿನಿಂದ ನುಡಿಸುವ ರಬ್ಬರ್ ಚೌಕಗಳು ಮತ್ತು ಕೋಲಿನಿಂದ ಬಾರಿಸುವ ದೊಡ್ಡ ಹಲಗೆಗಳು. ಆರ್ಕೆಸ್ಟ್ರಾಗಳಲ್ಲಿ ‘ಆಕ್ಟಾಪ್ಯಾಡ್’ ಅಥವಾ ‘ರಿದಮ್ ಪ್ಯಾಡ್’ ಎಂದೇ ಕರೆಯಲಾಗುವ ಎರಡನೇ ಬಗೆಯ ಮೂಲ ರೋಲ್ಯಾಂಡ್ ಕಂಪನಿಯ 1985ರ ‘ಪ್ಯಾಡ್-8’. ಅದರಲ್ಲಿ ಸ್ವಂತ ದನಿಯೇ ಇರಲಿಲ್ಲ. ಅದು ಅಪ್ಪಟ ಕಂಟ್ರೋಲರ್ ಆಗಿತ್ತು. ನಂತರದ ಮಾದರಿಗಳಲ್ಲಿ ದನಿ ಸೇರಿಕೊಂಡಿತು.

ಈ ವ್ಯತ್ಯಾಸ ವೇದಿಕೆಯ ಮೇಲೆ ಮಹತ್ವದ್ದು. ಸ್ವಂತ ದನಿಯಿರುವ ಪ್ಯಾಡ್ ಲ್ಯಾಪ್‌ಟಾಪ್ ಕೈಕೊಟ್ಟರೂ ನುಡಿಯುತ್ತದೆ. ದನಿಯಿಲ್ಲದ ಪ್ಯಾಡ್ ಮೂಕವಾಗುತ್ತದೆ. ರಾತ್ರಿಯಿಡೀ ನಡೆಯುವ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳುವ ಮೇಳಗಳು ಮೊದಲನೆಯದಕ್ಕೆ ಒಂದಿಷ್ಟು ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ.

ಪ್ಯಾಡ್ ಪರೀಕ್ಷಿಸುವಾಗ ಮೆಲ್ಲನೆಯ ಹೊಡೆತವನ್ನೇ ಮೊದಲು ನೋಡಬೇಕು. ಜೋರಾದ ಪೆಟ್ಟನ್ನು ಎಲ್ಲ ಪ್ಯಾಡ್‌ಗಳೂ ಗುರುತಿಸುತ್ತವೆ. ತಬಲಾದ ‘ತಿರಕಿಟ’ದಂಥ ಹಗುರ, ಶೀಘ್ರ ಬೋಲ್‌ಗಳನ್ನು ಕಳಪೆ ಪ್ಯಾಡ್‌ಗಳು ನುಂಗಿಬಿಡುತ್ತವೆ. ಒಂದನ್ನು ಬಾರಿಸಿದಾಗ ಪಕ್ಕದ್ದು ತಾನಾಗಿ ನುಡಿಯುವ ದೋಷವನ್ನೂ ಗಮನಿಸಬೇಕು.

ಬಾರಿಸಿದ್ದಕ್ಕೂ ಕೇಳಿಸಿದ್ದಕ್ಕೂ ನಡುವಿನ ವಿಳಂಬವನ್ನು ಹಲವರು ಕಂಟ್ರೋಲರ್‌ನ ದೋಷವೆಂದು ಭಾವಿಸುತ್ತಾರೆ. ಅದು ಬಹುಪಾಲು ಗಣಕಯಂತ್ರದ ಹೊಂದಾಣಿಕೆಯ ಪ್ರಶ್ನೆ. ತಂತ್ರಾಂಶದಲ್ಲಿ ಬಫರ್ 512 ಮಾದರಿಗಳಿಗಿದ್ದರೆ, ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ ಅದೊಂದರಿಂದಲೇ ಸುಮಾರು 11.6 ಮಿಲಿಸೆಕೆಂಡ್ ತಡವಾಗುತ್ತದೆ. 128ಕ್ಕೆ ಇಳಿಸಿದರೆ ಸುಮಾರು 2.9 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ 10 ಮಿಲಿಸೆಕೆಂಡಿಗೆ ಸುಮಾರು 3.4 ಮೀಟರ್ ಸಾಗುತ್ತದೆ. ಅಂದರೆ ಸ್ಪೀಕರ್‌ನಿಂದ ಹನ್ನೊಂದು ಅಡಿ ದೂರ ಕುಳಿತವನಿಗೂ ಅಷ್ಟೇ ತಡವಾಗಿ ಕೇಳಿಸುತ್ತದೆ. ಹೀಗಾಗಿ ಹೊಸ ಪ್ಯಾಡ್ ಕೊಳ್ಳುವ ಮುನ್ನ ಒಳ್ಳೆಯ ಆಡಿಯೋ ಇಂಟರ್‌ಫೇಸ್, ಸರಿಯಾದ ಡ್ರೈವರ್ ಹಾಗೂ ವಾದಕನ ಪಕ್ಕದಲ್ಲೊಂದು ಮಾನಿಟರ್ ಸ್ಪೀಕರ್ ಇವೆಯೇ ಎಂದು ನೋಡಿಕೊಳ್ಳುವುದು ಒಳಿತು.

ತುಣುಕುಗಳ ಜಾಲರಿ ಮತ್ತು ಸಮ್

2001ರಲ್ಲಿ ಬಿಡುಗಡೆಯಾದ ‘ಏಬಲ್‌ಟನ್ ಲೈವ್’ ತಂತ್ರಾಂಶ ಧ್ವನಿಮುದ್ರಿತ ತುಣುಕುಗಳನ್ನು ವೇದಿಕೆಯ ಮೇಲೆಯೇ ಹೆಣೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಅದಕ್ಕೆಂದೇ 2009ರಲ್ಲಿ ಅಕೈ ‘ಎಪಿಸಿ 40’ ಹಾಗೂ ನೋವೇಷನ್ ‘ಲಾಂಚ್‌ಪ್ಯಾಡ್’ ಬಂದವು. 2013ರಲ್ಲಿ ಏಬಲ್‌ಟನ್‌ನದೇ ‘ಪುಶ್’ ಬಂದಿತು. 2023ರ ‘ಪುಶ್ 3’ರ ಒಂದು ಆವೃತ್ತಿ ಲ್ಯಾಪ್‌ಟಾಪ್ ಇಲ್ಲದೆಯೂ ಕೆಲಸ ಮಾಡುತ್ತದೆ, ಬೆಲೆಯೂ ಅದಕ್ಕೆ ತಕ್ಕಂತಿದೆ. ಸಿದ್ಧ ತುಣುಕುಗಳನ್ನು ಎಬ್ಬಿಸಿ ನಿಲ್ಲಿಸುವುದಷ್ಟೇ ಕೆಲಸವಾದರೆ 64 ಚೌಕಗಳ ಸರಳ ಜಾಲರಿ ಸಾಕು.

ಇಲ್ಲಿ ಎಚ್ಚರ ಬೇಕಾದುದು ತಾಳದ ವಿಷಯದಲ್ಲಿ. ಈ ತಂತ್ರಾಂಶಗಳು ಮೊದಲಿಗೆ ನಾಲ್ಕರ ಲೆಕ್ಕದಲ್ಲೇ ಎಣಿಸುತ್ತವೆ. ಎಂಟು ಮಾತ್ರೆಯ ಕೆಹರ್ವಾ, ಹದಿನಾರರ ತೀನ್‌ತಾಲಕ್ಕೆ ತೊಂದರೆಯಿಲ್ಲ. ಏಳು ಮಾತ್ರೆಯ ರೂಪಕ್ ನುಡಿಸುವಾಗ ಲೆಕ್ಕವನ್ನು ಏಳಕ್ಕೆ ಬದಲಿಸದಿದ್ದರೆ ಮುಂದಿನ ತುಣುಕು ಸಮ್ ಬಿಟ್ಟು ಎಲ್ಲೋ ನಡುವೆ ಎದ್ದುಬಿಡುತ್ತದೆ. ಹದಿನಾಲ್ಕರ ದೀಪಚಂದಿಗೆ ಏಳರ ಎರಡು ಬಾರ್‌ಗಳಿಗೊಮ್ಮೆ ಬದಲಾಗುವಂತೆ ಹೊಂದಿಸಬೇಕು. ಇದು ತಂತ್ರಾಂಶದ ಕೆಲಸವಾದರೂ, ಲಯ ಹಿಡಿಯುವ ‘ಟ್ಯಾಪ್ ಟೆಂಪೋ’ ಗುಂಡಿ ಮಾತ್ರ ಕಂಟ್ರೋಲರ್ ಮೇಲೆ ಸುಲಭವಾಗಿ ಕೈಗೆಟುಕುವಂತಿರಬೇಕು. ಪಾರಿಜಾತದಲ್ಲಾಗಲಿ, ಭಜನೆಯಲ್ಲಾಗಲಿ ಲಯವನ್ನು ಏರಿಸುವವನು ಹಾಡುಗಾರ. ಯಂತ್ರ ಅವನನ್ನು ಹಿಂಬಾಲಿಸಬೇಕೇ ಹೊರತು ಅವನು ಯಂತ್ರವನ್ನಲ್ಲ.

ಧ್ವನಿಮುದ್ರಣ ಕೊಠಡಿಯ ಅಗತ್ಯ

ಜನಪದ ಗೀತೆ, ಭಕ್ತಿಗೀತೆಗಳನ್ನು ಮುದ್ರಿಸುವ ಸಣ್ಣ ಸ್ಟುಡಿಯೋಗಳಿಗೆ ಬೇಕಾದುದು ಜಾಲರಿಯಲ್ಲ, ಫೇಡರ್‌ಗಳು. ಕೊರ್ಗ್‌ನ ‘ನ್ಯಾನೋಕಂಟ್ರೋಲ್ 2’ರಂಥ ಪುಟ್ಟ ಸಾಧನದಲ್ಲೂ ಎಂಟು ಫೇಡರ್, ಎಂಟು ನಾಬ್ ಇರುತ್ತವೆ. ಸಾಮಾನ್ಯ ಫೇಡರ್‌ನ ತೊಡಕೆಂದರೆ ಬೇರೆ ಹಾಡಿನ ಕಡತ ತೆರೆದಾಗ ಪರದೆಯ ಮೇಲಿನ ಮಟ್ಟವೊಂದು, ಕೈಕೆಳಗಿನ ಫೇಡರ್ ಇರುವ ಜಾಗ ಇನ್ನೊಂದು. ಮುಟ್ಟಿದೊಡನೆ ಶಬ್ದ ಜಿಗಿಯುತ್ತದೆ. ತಂತ್ರಾಂಶದಲ್ಲಿ ‘ಪಿಕಪ್’ ಆಯ್ಕೆ ಮಾಡಿಕೊಂಡರೆ ಈ ಜಿಗಿತ ತಪ್ಪುತ್ತದೆ. ಕೊನೆಯಿಲ್ಲದೆ ತಿರುಗುವ ನಾಬ್‌ಗಳಲ್ಲಿ ಈ ಸಮಸ್ಯೆಯೇ ಇಲ್ಲ.

ಪೆಂಡಾಲಿನ ಪರೀಕ್ಷೆ

ನಗರದ ಸಭಾಂಗಣಕ್ಕೆಂದು ರೂಪಿಸಿದ ಯಂತ್ರ ಜಾತ್ರೆಯ ಪೆಂಡಾಲಿನಲ್ಲಿ ಬೇರೆಯೇ ಪರೀಕ್ಷೆ ಎದುರಿಸುತ್ತದೆ. ಜನರೇಟರ್ ಬದಲಾಗುವ ಕ್ಷಣದಲ್ಲಿ ವಿದ್ಯುತ್ ಕಡಿದರೆ, ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಕಂಟ್ರೋಲರ್ ಲ್ಯಾಪ್‌ಟಾಪ್ ಬ್ಯಾಟರಿಯ ಬಲದಿಂದ ಬದುಕುಳಿಯುತ್ತದೆ. ಪ್ರತ್ಯೇಕ ಅಡಾಪ್ಟರ್ ಬೇಡುವ ದೊಡ್ಡ ಮಾದರಿಗಳಿಗೆ ಯುಪಿಎಸ್ ಅನಿವಾರ್ಯ. ಯುಎಸ್‌ಬಿ 2.0 ಕಿಂಡಿಯಿಂದ ಸಿಗುವುದು 500 ಮಿಲಿ ಆಂಪಿಯರ್ ಮಾತ್ರ. ಒಂದೇ ಹಬ್‌ಗೆ ಮೂರು ಸಾಧನ ಸಿಕ್ಕಿಸಿದರೆ ಯಾವುದೋ ಒಂದು ಕಾರ್ಯಕ್ರಮದ ನಡುವೆ ಮಾಯವಾಗಬಹುದು. ಸ್ವಂತ ವಿದ್ಯುತ್ ಇರುವ ಹಬ್ ಬಳಸುವುದು ಕ್ಷೇಮ.

ಯುಎಸ್‌ಬಿ ಕೇಬಲ್ 5 ಮೀಟರ್ ಮೀರಬಾರದು. ಹಳೆಯ ಐದು ಪಿನ್ನುಗಳ ಮಿಡಿ ಕೇಬಲ್ 15 ಮೀಟರ್‌ವರೆಗೂ ಸಾಗುತ್ತದೆ. ಆ ಕಿಂಡಿಯಿರುವ ಕಂಟ್ರೋಲರ್ ಮನೆಯಲ್ಲಿರುವ ಹಳೆಯ ಕೀಬೋರ್ಡ್‌ನೊಂದಿಗೂ ಹೊಂದಿಕೊಳ್ಳುತ್ತದೆ.

ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಶಬ್ದ ಕೇಳಿಸಿದರೆ ಅದು ಅರ್ಥಿಂಗ್‌ನ ತೊಡಕು. ಅದನ್ನು ನಿವಾರಿಸಲು ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವುದು ಪ್ರಾಣಾಪಾಯವನ್ನು ಆಹ್ವಾನಿಸಿದಂತೆ. ಅದರ ಬದಲು ಐಸೋಲೇಶನ್ ಇರುವ ಡಿಐ ಬಾಕ್ಸ್ ಬಳಸಬೇಕು. ಮಗ್ಗದ ಊರುಗಳಲ್ಲಿ ಹಾರುವ ಹತ್ತಿಯ ಎಳೆ, ಕಬ್ಬಿನ ಹಂಗಾಮಿನ ರಸ್ತೆ ಧೂಳು ಫೇಡರ್‌ಗಳ ಸೀಳಿನೊಳಗೆ ಇಳಿಯುತ್ತವೆ. ಬಟ್ಟೆಯ ಹೊದಿಕೆಯೊಂದು ಯಂತ್ರದ ಆಯುಷ್ಯ ಹೆಚ್ಚಿಸಬಲ್ಲದು.

ದುರಸ್ತಿಯೂ ಮರೆಯಬಾರದ ಸಂಗತಿ. ತಂಬೂರಿಯ ತೊಂದರೆಗೆ ಮೀರಜ್‌ನ ಕುಶಲಕರ್ಮಿಗಳಿದ್ದಾರೆ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಲಭಿಸಿದೆ. ಕಂಟ್ರೋಲರ್‌ಗೆ ಅಂಥ ನೆರೆಯ ಆಸರೆಯಿಲ್ಲ. ಅಧಿಕೃತ ಮಾರಾಟಗಾರರ ಬಿಲ್ ಇಲ್ಲದ ಅಗ್ಗದ ಆಮದು ಸರಕಿಗೆ ವಾರಂಟಿ ದೊರೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪ್ರತಿ ಕೀ, ಪ್ರತಿ ಫೇಡರ್ ಜತೆಗೆ ಅಲುಗಾಡುವ ಯುಎಸ್‌ಬಿ ಕಿಂಡಿಯನ್ನೂ ಪರೀಕ್ಷಿಸಬೇಕು. ಡ್ರೈವರ್ ಬೇಡದ, ‘ಕ್ಲಾಸ್ ಕಂಪ್ಲಯಂಟ್’ ಎನ್ನಲಾಗುವ ಸಾಧನಗಳು ಗಣಕಯಂತ್ರ ಬದಲಾದರೂ ನಿರುಪಯುಕ್ತವಾಗುವುದಿಲ್ಲ.

ಉಳಿದ ಹಣ ಸ್ವಂತ ನಾದಕ್ಕೆ

ಕಂಟ್ರೋಲರ್ ಜತೆ ಉಚಿತವಾಗಿ ಬರುವ ದನಿಗಳ ಸಂಗ್ರಹದಲ್ಲಿ ಡ್ರಮ್ ಸೆಟ್, ಸಿಂಥಸೈಜರ್‌ಗಳಿಗೆ ಬರವಿಲ್ಲ. ಆದರೆ ಗೀಗೀ ಮೇಳದ ತುಂತುಣಿ ಹಾಗೂ ದಪ್ಪು, ಕರಡಿ ಮಜಲಿನ ಕರಡಿ, ಚೌಡಿಕೆ ಇವುಗಳನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ಕಾರ್ಖಾನೆಯ ದನಿಗಳನ್ನೇ ಎಲ್ಲರೂ ಬಳಸುತ್ತ ಹೋದರೆ ಮುಧೋಳದ ಹಾಡೂ ಮುಂಬೈಯ ಹಾಡೂ ಒಂದೇ ತೆರನಾಗಿ ಕೇಳಿಸುವ ದಿನ ದೂರವಿಲ್ಲ.

ಇದಕ್ಕೆ ಮದ್ದೂ ಅದೇ ಯಂತ್ರದಲ್ಲಿದೆ. ಒಳ್ಳೆಯ ಮೈಕ್ ಮುಂದೆ ದಪ್ಪಿನ ಪ್ರತಿ ಹೊಡೆತವನ್ನು ಮೆಲುವಾಗಿ, ಮಧ್ಯಮವಾಗಿ, ಜೋರಾಗಿ ನುಡಿಸಿ ಮುದ್ರಿಸಿಕೊಂಡು ಪ್ಯಾಡ್‌ಗಳಿಗೆ ಹಂಚಿದರೆ ಅಗ್ಗದ ಕಂಟ್ರೋಲರ್ ಕೂಡ ಊರಿನ ನಾದವನ್ನೇ ನುಡಿಸುತ್ತದೆ. ಹಾಗೆ ಮುದ್ರಿಸಿಕೊಳ್ಳುವಾಗ ನುಡಿಸಿದ ಕಲಾವಿದನ ಒಪ್ಪಿಗೆ, ಸಂಭಾವನೆ ಹಾಗೂ ಹೆಸರಿನ ಉಲ್ಲೇಖ ಇರಲೇಬೇಕು. ಒಂದು ರಾತ್ರಿಯ ಮುದ್ರಣ ಮುಂದಿನ ಹತ್ತು ವರ್ಷ ಆತನ ಬದಲಿಗೆ ನುಡಿಯಬಹುದು ಎಂಬುದನ್ನು ಮೇಳಗಳು ಮರೆಯುವಂತಿಲ್ಲ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

* ನುಡಿಸುವವರ ಕೈ ಯಾವುದಕ್ಕೆ ಒಗ್ಗಿದೆ? ಪೇಟಿಗಾದರೆ 49 ಕೀಗಳ ಕೀಬೋರ್ಡ್, ತಬಲಾ-ದಪ್ಪಿಗಾದರೆ ಪ್ಯಾಡ್, ಮಿಶ್ರಣಕ್ಕಾದರೆ ಫೇಡರ್.
* ಬಳಕೆ ಮನೆಯಲ್ಲೋ, ವೇದಿಕೆಯಲ್ಲೋ? ವೇದಿಕೆಗಾದರೆ ಲ್ಯಾಪ್‌ಟಾಪ್ ಸ್ಥಗಿತಗೊಂಡಾಗ ನುಡಿಯುವ ಪರ್ಯಾಯ ವಾದ್ಯವೊಂದು ಜತೆಗಿದೆಯೇ?
* ಶ್ರುತಿ ಬದಲಿಸುವ ಗುಂಡಿ, ಪಿಚ್ ಚಕ್ರ, ಎಕ್ಸ್‌ಪ್ರೆಶನ್ ಪೆಡಲ್‌ನ ಕಿಂಡಿ, ಟ್ಯಾಪ್ ಟೆಂಪೋ ಇವುಗಳಲ್ಲಿ ತಮಗೆ ಬೇಕಾದುದು ಇದೆಯೇ?
* ಈಗಿರುವ ತಂತ್ರಾಂಶದ ಆವೃತ್ತಿಯೊಂದಿಗೆ ಸಾಧನ ಹೊಂದುತ್ತದೆಯೇ? ಜತೆಗೆ ಬರುವ ‘ಲೈಟ್’ ಆವೃತ್ತಿಯ ಮಿತಿಗಳು ತಿಳಿದಿವೆಯೇ?
* ಬಿಲ್, ವಾರಂಟಿ, ಹತ್ತಿರದ ಸರ್ವೀಸ್ ಕೇಂದ್ರದ ವಿವರ ದೊರೆತಿದೆಯೇ? ಹೆಚ್ಚುವರಿ ಕೇಬಲ್ ಕೊಂಡಾಗಿದೆಯೇ?

ಸ್ವಂತ ಲ್ಯಾಪ್‌ಟಾಪ್ ಅನ್ನು ಅಂಗಡಿಗೆ ಒಯ್ದು, ತಾವು ನಿತ್ಯ ನುಡಿಸುವ ಒಂದು ಹಾಡನ್ನು ಪೂರ್ತಿ ನುಡಿಸಿ ನೋಡುವುದು ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ. ಆ ಹಾಡು ಮುಗಿಯುವಷ್ಟರಲ್ಲಿ ಕಣ್ಣು ಪದೇ ಪದೇ ಗುಂಡಿಗಳನ್ನು ಹುಡುಕುತ್ತಿದ್ದರೆ ಬೇರೊಂದು ಮಾದರಿಯನ್ನು ನೋಡುವುದೇ ಜಾಣತನ.